ಆರರ ತನಕ ಕಥೆ

ಹುನಗುಂದದ ತನ್ನ ಮನೆಯಲ್ಲಿ ಕೂತುಕೊಂಡೇ ಕೂಸು ನೋಡಿಕೊಳ್ಳುವ ಕೆಲಸದ ಬಸಲಿಂಗವ್ವ, ಹುಬ್ಬಳ್ಳಿಯ ಮನೆಯೊಂದರಲ್ಲಿದ್ದ ಯಂತ್ರದ ಕೈಗಳನ್ನು ದೂರದಿಂದಲೇ ನಡೆಸಿ ಪುಟ್ಟ ಪಾರಿಯನ್ನು ಆಡಿಸುತ್ತ ಕಥೆ ಹೇಳುತ್ತಿದ್ದಳು. ಕೆಲಸದ ಹೊತ್ತು ಮುಗಿದು ಆರು ಬಡಿದರೆ ಸಂಪರ್ಕ ತಾನಾಗಿಯೇ ಕಡಿದು, ಕೈಗಳು ಜೋತುಬೀಳುತ್ತಿದ್ದವು.

ಆಗ ಮನೆಗೆ ಬರುವ ತಾಯಿ ಇಂದುಮತಿಯತ್ತ ಪಾರಿ ತಿರುಗುತ್ತಲೂ ಇರಲಿಲ್ಲ. ತಣ್ಣನೆಯ ಆ ಕೈಗಳನ್ನೇ ಅಪ್ಪಿಕೊಂಡು, "ನರಿ ಬಾವ್ಯಾಗ ಬಿತ್ತು, ಮುಂದ?" ಎಂದು ಅಳುತ್ತಿದ್ದಳು.

"ಬೇಕಂತನ ಅರ್ಧಕ್ಕ ಬಿಡ್ತಾಳ, ಕಳ್ಳಿ!" ಇಂದುಮತಿಯ ಹೊಟ್ಟೆ ಉರಿಯಿತು.

ಆ ಸಂಜೆ ದೀಪ ಹಚ್ಚಿ ಶಿವನಿಗೆ ಕೈಮುಗಿದವಳೇ, ಕಥೆಯನ್ನು ತಾನೇ ಮುಂದುವರಿಸಿ, ನರಿಯನ್ನು ಕೊಡದಲ್ಲಿ ಕೂರಿಸಿ ಬಾವಿಯಿಂದ ಮೇಲಕ್ಕೆಳೆದಳು. ಪಾರಿ ನಗುನಗುತ್ತಲೇ ಅವಳ ಮಡಿಲಲ್ಲಿ ನಿದ್ದೆಹೋದಳು.

ಮುಂಜಾನೆ ಕೈಗಳು ಎಚ್ಚೆತ್ತವು. "ಬಾ ಕೂಸ, ನರಿ ಹೆಂಗ ಮ್ಯಾಲ ಬಂತು ಹೇಳ್ತೀನಿ."

"ನೀ ಹೇಳಬ್ಯಾಡ. ಅದು ನಮ್ಮವ್ವನ ನರಿ."

ಆರಕ್ಕೆ ಇನ್ನೂ ಇಡೀ ದಿನ ಬಾಕಿಯಿತ್ತು. ಕೈಗಳು ಮಾತ್ರ ಆಗಲೇ ಜೋತುಬಿದ್ದವು.