ಪಾಷಾ ಹೇಳಿದ ನಿಜ

“ಅಲ್ಲಾನ ಆಣೆ ಸೋಮಣ್ಣ, ಒಂದಕ್ಷರನೂ ಸುಳ್ಳಲ್ಲ,” ಅಂದ ವಜೀರ್ ಪಾಷಾ. ಪಾಂಡವಪುರದ ಆ ಆಲೆಮನೆಯಲ್ಲಿ ಅವನು ಇಷ್ಟು ವರ್ಷ ಬಿಟ್ಟ ರೀಲುಗಳಿಗೆಲ್ಲ ಇದೇ ಪೀಠಿಕೆ. ಕೊನೆಗೆ ಸೋಮಯ್ಯ “ಥೂ, ಸುಳ್ ನನ್ಮಗನೆ” ಎಂದು ಬೈದರೇನೇ ಅವನಿಗೆ ಕಥೆ ಮುಗಿದ ಸಮಾಧಾನ. ಆದರೆ ಹೆಂಡತಿ ಚಲುವಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಸೋಮಯ್ಯ ಬಾಯೇ ಬಿಟ್ಟಿರಲಿಲ್ಲ. ಅವಳು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಕೊಪ್ಪರಿಗೆಯ ಕಬ್ಬಿನ ಹಾಲು ತಿರುವುತ್ತಿದ್ದ. ಇವತ್ತು ಬೈಸಿಕೊಂಡೇ ಹೋಗಬೇಕೆಂದು ಪಾಷಾ, ಮೊಮ್ಮಗಳು ಇಫ್ಫತ್ ಕಾಲೇಜಿನಲ್ಲಿ ಕಲಿತ, ಯಾರೂ ನಂಬಲಾರದ ಒಂದು ನಿಜವನ್ನೇ ತಂದಿದ್ದ.

“ಆಕಾಸ್ದಲ್ಲಿ ಕ್ವೇಸಾರ್ ಅಂತ ಅದೆ. ಕೋಟ್ಯಂತರ ಸೂರ್ಯನ್ನ ಗುಡ್ಡೆ ಹಾಕುದ್ರೂ ಅಷ್ಟು ಬೆಳಕಿಲ್ಲ. ನಡುಮಧ್ಯೆ ಏನದೆ ಗೊತ್ತಾ? ಬರೀ ಕಪ್ಪು ಗುಂಡಿ! ಅದ್ರೊಳಕ್ಕೆ ಬೀಳೋವು, ನೋಡು, ಈ ನೊರೆ ಸುತ್ತಂಗೆ ಸುತ್ತಿ ಸುತ್ತಿ, ಒಂದುಕ್ಕೊಂದು ಉಜ್ಜಿ, ಕಾದು ಧಗಧಗ ಅಂತವೆ. ಬೆಳಕೆಲ್ಲ ಆ ಬೀಳೋವುಗಳ್ದೇ, ಗುಂಡೀದಲ್ಲ.”

ಸೋಮಯ್ಯನ ಕೈ ನಿಂತಿತು. ಪಾಷಾ ಬೈಗುಳಕ್ಕೆ ಕಿವಿಯೊಡ್ಡಿದ.

“ಗುಂಡಿಗೆ ಬಿದ್ದದ್ದು ವಾಪಸ್ ಬತ್ತದೇನ್ಲಾ?”

“ಇಲ್ಲ ಕಣಣ್ಣ,” ಅಂದುಬಿಟ್ಟ ಪಾಷಾ. ಜನ್ಮವಿಡೀ ಸುಳ್ಳು ಹೇಳಿದ್ದ ಬಾಯಿ, ಒಂದು ಸುಳ್ಳು ಬೇಕಾದ ಹೊತ್ತಿನಲ್ಲಿ ನಿಜ ನುಡಿದಿತ್ತು. “ಅಂದ್ರೆ, ಬತ್ತದೆ ಕಣಣ್ಣ! ಬರ್ದೆ ಎಲ್ಲೋದದು? ನಮ್ ಇಫ್ಫತ್ತೇ ಹೇಳವ್ಳೆ, ಒಂದಲ್ಲಾ ಒಂದಿನ...”

ಸೋಮಯ್ಯ ತಿರುವುವ ಕೋಲನ್ನು ಅವನ ಕೈಗಿತ್ತು, ಬೈಯದೆಯೇ ಹೊರಗೆ ನಡೆದ.