ಆಚೆ ಬದಿಯ ಹಗ್ಗ

“ಹಗ್ಗ ಹೀಂಗ್ ಹಿಡ್ದ್ರೆ ಬಲೆ ಬತ್ತೇ ಇಲ್ಲೆ,” ಎಂದು ಗುಣವತಿ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟಳು. ಚಿತ್ರದಲ್ಲಿ ಟೋಪಿ ಹಾಕಿದ ಪ್ರವಾಸಿಗರು ಕಡಲತೀರದಲ್ಲಿ ಮೀನುಗಾರರ ಜೊತೆ ಬಲೆ ಎಳೆಯುತ್ತಿದ್ದರು. ಮದುವೆಯ ನಲವತ್ತನೇ ವರ್ಷಕ್ಕೆ ಮಗಳು ಪ್ರೇಕ್ಷಾ ಕೊಡಿಸಿದ ಕ್ರೂಸಿನ ಹಡಗು ಆ ಕೆರಿಬಿಯನ್ ದ್ವೀಪದಲ್ಲಿ ಒಂದು ದಿನ ನಿಲ್ಲಲಿತ್ತು. ಇಳಿದು ಎಲ್ಲಿಗೆ ಹೋಗುವುದೆಂದು ಈಸ್ಟ್ ಹ್ಯಾಮಿನ ತಮ್ಮ ಮನೆಯ ಅಡುಗೆಮನೆಯಲ್ಲಿ ಮೂವರೂ ಕೂತು ಆರಿಸುತ್ತಿದ್ದರು. ಮಂಡಿನೋವಿನ ಗಂಡ ಪುರಂದರ ಆಗಲೇ ದ್ವೀಪ ಸುತ್ತಿಸುವ ಎ.ಸಿ. ಬಸ್ಸಿಗೆ ಹೂಂ ಅಂದಾಗಿತ್ತು.

“ಅಮ್ಮಾ, ದಟ್ಸ್ ವರ್ಕ್, ನಾಟ್ ಹಾಲಿಡೇ!” ಎಂದು ಪ್ರೇಕ್ಷಾ ನಕ್ಕಳು.

ಗುಣವತಿ ಕೈ ಒರೆಸುವ ಟವೆಲನ್ನು ಸೊಂಟಕ್ಕೆ ಬಳಸಿ, ಎರಡೂ ತುದಿ ಬಿಗಿಯಾಗಿ ಹಿಡಿದು, ಮೈಯ ಭಾರ ಬಿಟ್ಟು ಹಿಂದಹಿಂದಕ್ಕೆ ಹೆಜ್ಜೆ ಹಾಕಿ ತೋರಿಸಿದಳು. ಕುಂದಾಪುರದ ಕೋಡಿಯ ಕಡಲತೀರದಲ್ಲಿ ಹುಡುಗಿಯಾಗಿದ್ದಾಗ ಎಳೆದದ್ದು ಹೀಗೆಯೇ. ಬಲೆಗೆ ಎರಡು ಹಗ್ಗ. ದೂರದೂರ ನಿಂತು ಎಳೆಯತೊಡಗಿದ ಎರಡು ಸಾಲಿನವರು, ಬಲೆ ದಡ ಮುಟ್ಟುವಷ್ಟರಲ್ಲಿ ಪಕ್ಕಪಕ್ಕ ಬಂದಿರುತ್ತಿದ್ದರು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಲಂಗದ ಮಡಿಲು ತುಂಬ ಬೂತಾಯಿ ಮೀನು ಹೊತ್ತು ಅವಳು ಮನೆಗೆ ಓಡುತ್ತಿದ್ದಳು.

“ಎಳ್ದವ್ರಿಗೆ ಪಾಲ್ ಕೊಡ್ತ್ರಾ ಕಾಣ್, ಮಗಾ,” ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಪ್ರೇಕ್ಷಾಳ ನಗು ನಿಂತಿತು. “ಓಕೆ. ಅಪ್ಪನಿಗೆ ಬಸ್, ಅಮ್ಮನಿಗೆ ಬಲೆ,” ಎಂದು ಮೌಸ್ ಹಿಡಿದಳು.

“ಬಸ್ ಬ್ಯಾಡ,” ಅಂದ ಪುರಂದರ, ಮಂಡಿ ಒತ್ತಿಕೊಳ್ಳುತ್ತಲೇ ಎದ್ದು ನಿಂತು. ಮಗಳತ್ತ ನೋಡದೆ, ಟವೆಲಿನ ಒಂದು ತುದಿಯನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡ.

“ಅವತ್ತೂ ಆಚಿ ಹಗ್ಗ ಎಳ್ದದ್ದ್ ನಾನೇ ಅಲ್ದಾ?”