ಕೇಳುವುದಕ್ಕೆ ಮೂರು ಶಬ್ದ

ಕುಸುಬಿ ಎಣ್ಣೆಯ ಒಗ್ಗರಣೆ ಸೀದ ವಾಸನೆ ಬಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಎಪ್ಪತ್ತರ ದಶಕ, ಏಳನೆಯ ಇಯತ್ತೆಯಲ್ಲಿದ್ದೆ. ಆವತ್ತು ಇಂಗ್ಲಿಷ್ ಮಾಸ್ತರರು ಹೇಳಿಕೊಟ್ಟಿದ್ದರು: "ತಾನಾಗಿ ಕಿವಿಗೆ ಬಿದ್ರ ಹಿಯರ್. ಮನಸ್ಸಿಟ್ಟು ಕೇಳಿದ್ರ ಲಿಸನ್. ಪ್ರಶ್ನಿ ಕೇಳಿದ್ರ ಆಸ್ಕ್. ನಾವು ಮೂರಕ್ಕೂ ಕೇಳೂದು ಅಂತೀವಿ."

ಅದನ್ನೇ ಬಾಯಿಪಾಠ ಮಾಡುತ್ತ ಮಧ್ಯಾಹ್ನ ತಾಂಬಾ ಊರಿನ ನಮ್ಮ ಮನೆಗೆ ಬಂದರೆ, ಪಡಸಾಲೆಯ ಕಂಬಳಿಯ ಮೇಲೆ ಅಪ್ಪನ ಜೊತೆ ಸಿಂದಗಿಯಿಂದ ಬಂದವರು ಕೂತಿದ್ದರು. ನನ್ನ ಸಾಲಿ ಬಿಡಿಸಿ ಅವರ ಮಗನಿಗೆ ಮದುವೆ ಮಾಡಿಕೊಡುವ ಮಾತು ಮುಗಿಯುತ್ತ ಬಂದಿತ್ತು. ಒಲೆಯ ಮುಂದೆ ಕೂತಿದ್ದ ಅವ್ವ ಅಲ್ಲಿಂದಲೇ ಅಪ್ಪನಿಗೆ ಹೇಳಿದಳು.

"ಆಕೀನ್ನೂ ಒಂದ್ ಮಾತ ಕೇಳ್ರಿ."

ಅಪ್ಪ ತಿರುಗಿಯೂ ನೋಡಲಿಲ್ಲ. "ಆಕೀನ್ ಏನ್ ಕೇಳೂದೈತಿ? ನಾ ಹೇಳ್ತೇನಿ, ಆಕಿ ಕೇಳ್ತಾಳ."

ಬಂದವರು ಹೋ ಎಂದು ನಕ್ಕರು. ನಾನು ಪಾಟೀಚೀಲ ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಒಗ್ಗರಣೆ ಸೀದು ಹೊಗೆ ಎದ್ದಿತು. ಅವ್ವ ಅದನ್ನು ಇಳಿಸಲಿಲ್ಲ. ಕೈಯಲ್ಲಿದ್ದ ಸೌಟನ್ನು ಒಲೆಕಟ್ಟೆಗೆ ಜೋರಾಗಿ ಕುಕ್ಕಿದಳು.

ಆ ಸಪ್ಪಳ ಪಡಸಾಲೆಯಲ್ಲಿದ್ದ ಎಲ್ಲರಿಗೂ ಹಿಯರ್ ಆಯಿತು. ಲಿಸನ್ ಮಾಡಿದವಳು ನಾನೊಬ್ಬಳೇ.